ಮಗ್ಗ ನಿಲ್ಲದಂತೆ ನೋಡಿಕೊಳ್ಳುವ ನೌಕರಿ

"ನಿಮ್ಮ ಕೆಲಸ ಏನು?" ಎಂದು ಯಾರಾದರೂ ಕೇಳಿದರೆ ಮೊದಲೆಲ್ಲ ನನಗೆ ಸಿಟ್ಟೇ ಬರುತ್ತಿತ್ತು. ತೆಲುಗು ಸೀಮೆಯ ಗಡಿಯಲ್ಲಿರುವ ನಾರಾಯಣಪೇಟೆಯ ಒಂದು ಸೀರೆ ಕಂಪನಿಯಲ್ಲಿದ್ದೆ. ಆದರೆ ಸೀರೆ ನೇಯುತ್ತಿರಲಿಲ್ಲ, ನೂಲಿಗೆ ಬಣ್ಣ ಹಾಕುತ್ತಿರಲಿಲ್ಲ, ಅಂಗಡಿಯಲ್ಲಿ ನಿಂತು ಮಾರುತ್ತಲೂ ಇರಲಿಲ್ಲ. ನನ್ನ ಹುದ್ದೆ ಪ್ಲಾನರ್ ಅಂದರೆ ಬಂಧುಗಳಿಗೆ ಮನೆಯ ನಕಾಶೆ ಬರೆಯುವವಳು ಅನ್ನಿಸುತ್ತಿತ್ತು. ಒಬ್ಬ ದೂರದ ಮಾವ ತನ್ನ ಸೈಟಿನ ಅಳತೆ ಹಿಡಿದುಕೊಂಡು ಬಂದೂ ಬಿಟ್ಟಿದ್ದ. ಮಕ್ತಲ್‌ನಲ್ಲಿದ್ದ ನಮ್ಮವ್ವ ಮಾತ್ರ ಯಾವ ಗೊಂದಲವೂ ಇಲ್ಲದೆ, "ನಮ್ಮ ಗಿರಿಜಾ ಕಂಪ್ಯೂಟರ್ ಮುಂದ ಕುಂತು ಮಗ್ಗ ನಿಲ್ಲದಂಗ ನೋಡ್ಕೊಂತಾಳ" ಎಂದು ಓಣಿ ತುಂಬ ಹೇಳಿಕೊಂಡು ತಿರುಗುತ್ತಿದ್ದಳು. ಇಷ್ಟು ವರ್ಷ ಆದ ಮೇಲೆ ಅನ್ನಿಸುತ್ತದೆ, ಕಂಪನಿಯವರು ಕೊಟ್ಟ ಹುದ್ದೆಯ ಹೆಸರಿಗಿಂತ ಅವ್ವ ಹೇಳಿದ್ದೇ ಸರಿ ಇತ್ತು.

ಈಗ ಈ ಕೆಲಸಕ್ಕೆ ಹೊಸ ಹುಡುಗ ಹುಡುಗಿಯರು ಬರುತ್ತಿದ್ದಾರೆ. ಅವರಲ್ಲಿ ಒಂದಿಬ್ಬರು ಮನೆಗೆ ಬಂದು, "ಮೇಡಂ, ಪುಸ್ತಕದಾಗ ಇಲ್ಲದ್ದು ಏನಾರ ಇದ್ರ ಹೇಳ್ರಿ" ಎಂದರು. ಪುಸ್ತಕದಲ್ಲಿ ಏನಿದೆ ಎಂದು ನನಗೆ ಗೊತ್ತಿಲ್ಲ, ಓದಿಲ್ಲ. ನನಗೆ ಗೊತ್ತಿರುವುದನ್ನು ಬರೆಯುತ್ತೇನೆ.

ಇದು ಹಿಂದಕ್ಕೆ ಹೋಗುವ ಕೆಲಸ. ಶ್ರಾವಣದಲ್ಲಿ ಅಂಗಡಿಗಳಿಗೆ ಇಂತಿಷ್ಟು ಸೀರೆ ಬೇಕಾಗಬಹುದು ಎಂದು ಒಂದು ಅಂದಾಜು ಇರುತ್ತದೆ. ಆ ಸೀರೆಯನ್ನು ನಾವು ಮನಸ್ಸಿನಲ್ಲೇ ಬಿಚ್ಚುತ್ತಾ ಬರಬೇಕು. ಗದ್ವಾಲ ಸೀರೆಯನ್ನೇ ತೆಗೆದುಕೊಳ್ಳಿ. ಮೈ ಹತ್ತಿ ನೂಲಿನದು. ಅಂಚು, ನಮ್ಮ ಕಡೆ ದಡಿ ಅನ್ನುತ್ತೇವೆ, ರೇಷ್ಮೆಯದು. ಸೆರಗೂ ರೇಷ್ಮೆಯದು. ಮೈಗೆ ಒಂದು ಹಾಸು, ದಡಿಗೆ ಬೇರೆ ಹಾಸು, ಸೆರಗಿಗೆ ಮತ್ತೊಂದು. ಹಾಸು ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಕಟ್ಟುವ ಎಳೆಗಳು. ಆ ಹಾಸು ಸಿದ್ಧವಾಗಬೇಕಾದರೆ ನೂಲಿಗೆ ಬಣ್ಣ ಆಗಿರಬೇಕು, ಬಣ್ಣ ಆಗಬೇಕಾದರೆ ನೂಲು ಬಂದಿರಬೇಕು, ನೂಲು ಬರಬೇಕಾದರೆ ಯಾರೋ ನೆನಪಿಟ್ಟು ಮೊದಲೇ ತರಿಸಿರಬೇಕು. ಶ್ರಾವಣದ ಸೀರೆಗೆ ಬೇಸಿಗೆಯಲ್ಲೇ ಯಾರದೋ ನಿದ್ದೆ ಕೆಡಬೇಕು. ಆ ಯಾರೋ ಅಂದರೆ ನಾನು.

ಸಾಫ್ಟ್‌ವೇರ್ ಬರುವ ಮೊದಲು ಈ ಲೆಕ್ಕವೆಲ್ಲ ಶರಣಪ್ಪ ಸಾವಕಾರರ ತಲೆಯಲ್ಲಿ ಇತ್ತು. ಕಂಪನಿ ಅವರದು. ಮೂಲ ರಾಯಚೂರು ಕಡೆಯವರು, ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ಬಣ್ಣದ ಶೆಡ್ಡಿಗೆ ಹೋಗಿ ಒಂದು ಲಡಿ ನೂಲು ಎತ್ತಿ ಹಿಡಿದು, "ಇದು ಇನ್ನೊಂದೆರಡು ಮಗ್ಗಕ್ಕ ಸಾಕು, ಆಮ್ಯಾಲೆ ನೋಡೂಣು" ಎನ್ನುತ್ತಿದ್ದರು. ಆಮೇಲೆ ನೋಡುವ ಹೊತ್ತಿಗೆ ಮಗ್ಗ ನಿಂತಿರುತ್ತಿತ್ತು. ಆಗ ನನ್ನ ಮೇಲೆ ಕೂಗಾಡುತ್ತಿದ್ದರು. ಕೂಗಾಡಿ ಮುಗಿದ ಮೇಲೆ ತಮ್ಮ ಮನೆಯಿಂದ ಬಂದ ಜೋಳದ ರೊಟ್ಟಿ, ಪುಂಡಿಪಲ್ಯ ನನ್ನ ಮೇಜಿನ ಮೇಲೆ ಇಟ್ಟು ಹೋಗುತ್ತಿದ್ದರು. ಕ್ಷಮಿಸು ಅನ್ನುವ ಮಾತು ಅವರಿಗೆ ಬರುತ್ತಿರಲಿಲ್ಲ, ಪುಂಡಿಪಲ್ಯ ಬರುತ್ತಿತ್ತು.

ಸಾಫ್ಟ್‌ವೇರ್ ಕೂಡಿಸಲು ಹೈದರಾಬಾದಿನಿಂದ ಕಾರ್ತಿಕ್ ಎಂಬ ಇಂಜಿನಿಯರ್ ಬಂದ. ಪಂಪು, ಮೋಟರು ಮಾಡುವ ಕಾರ್ಖಾನೆಗಳಲ್ಲಿ ಕೆಲಸ ಮಾಡಿದವನು, ಸೀರೆ ಹೊಸದು. ಅವನಿಗೆ ಕನ್ನಡ ಬರುತ್ತಿರಲಿಲ್ಲ, ನಮ್ಮ ಜಗಳವೆಲ್ಲ ತೆಲುಗಿನಲ್ಲೇ ನಡೆಯಿತು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಷ್ಟೇ. ಅವನ ಹಟ ಏನೆಂದರೆ ಮೈಯ ಹಾಸಿಗೊಂದು ಹೆಸರು, ದಡಿಯದಕ್ಕೆ ಇನ್ನೊಂದು ಹೆಸರು, ಸೆರಗಿನದಕ್ಕೆ ಮತ್ತೊಂದು ಹೆಸರು ಕೊಟ್ಟು, ಒಂದೊಂದರ ದಾಸ್ತಾನನ್ನೂ ಬೇರೆ ಬೇರೆ ಇಡಬೇಕು. ನನಗೆ ಅದು ಹುಚ್ಚು ಅನ್ನಿಸಿತು. ನಮ್ಮಲ್ಲಿ ಈ ಮೂರೂ ಒಂದೇ ಗಂಟಿನಲ್ಲಿ ಕಟ್ಟಿ ಒಂದೇ ಮನೆಗೆ ಹೋಗುತ್ತಿದ್ದವು.

"ಸೀರೆ ಅಂದರೆ ಸೀರೆ ಕಣಪ್ಪ. ಅದನ್ನ ಯಾಕೆ ತುಂಡು ತುಂಡು ಮಾಡ್ತೀಯ? ಮದುವೆ ಹೆಣ್ಣಿಗೆ ಬರೀ ಮೈ ಒಂದು ಕಡೆ, ದಡಿ ಒಂದು ಕಡೆ ಕೊಡೋಕಾಗುತ್ತಾ?" ಎಂದೆ.

"ಪಂಪಿನ ಮೋಟರ್ ಕೂಡ ಒಂದೇ ಡಬ್ಬಿಯಲ್ಲಿ ಹೋಗುತ್ತೆ ಮೇಡಂ. ಒಳಗೆ ಮಾತ್ರ ಬೇರೆ ಬೇರೆ ಇರುತ್ತೆ. ಒಂದು ದಿನ ಇದು ನಿಮ್ಮ ಕೈ ಹಿಡಿಯುತ್ತೆ, ನೋಡಿ," ಎಂದ.

ಮೋಟರಿಗೂ ಸೀರೆಗೂ ಹೋಲಿಸಿದ್ದಕ್ಕೆ ನಾನು ಎರಡು ದಿನ ಅವನ ಜೊತೆ ಚಹಾ ಕುಡಿಯಲಿಲ್ಲ. ಸಾವಕಾರರು ಅವನ ಪರ ನಿಂತರು. ಅವರಿಗೆ ಅರ್ಥವಾಗಿತ್ತು ಅಂತ ಅಲ್ಲ. ಅವನಿಗೆ ಕೊಡಬೇಕಾದ ದುಡ್ಡನ್ನು ಆಗಲೇ ಕೊಟ್ಟು ಬಿಟ್ಟಿದ್ದರು. ಗೊಣಗುತ್ತಲೇ ನಾನು ಎಲ್ಲ ಸೀರೆಗಳನ್ನೂ ಬಿಚ್ಚಿ ಸಾಫ್ಟ್‌ವೇರ್‌ಗೆ ತುಂಬಿಸಿದೆ.

ಮೊದಲ ಸಲ ಪ್ಲಾನ್ ಓಡಿಸಿದಾಗ, ಅಂದರೆ ಯಾವ ಹಾಸು ಯಾವ ದಿನ ಬೇಕು ಎಂದು ಸಾಫ್ಟ್‌ವೇರ್‌ನಿಂದ ಲೆಕ್ಕ ಹಾಕಿಸಿದಾಗ, ಬಂದ ತಾರೀಖುಗಳು ನೋಡಲು ಚೆಂದ ಇದ್ದವು. ಒಂದೂ ನಿಜವಾಗಲಿಲ್ಲ. ಕಾರ್ತಿಕ್ ಭಾನುವಾರ ರಜೆ ಎಂದು ತುಂಬಿದ್ದ. ನಮ್ಮ ನೇಕಾರರಿಗೆ ಭಾನುವಾರ ಅಂದರೆ ಬರೀ ಇನ್ನೊಂದು ದಿನ. ಅವರು ಮಗ್ಗ ಮುಟ್ಟದಿರುವುದು ಅಮಾವಾಸ್ಯೆಯ ದಿನ. ಇದನ್ನು ಹೇಳಿದಾಗ ಅವನು ಕೀಬೋರ್ಡಿನ ಮೇಲೆ ಕೈ ಇಟ್ಟುಕೊಂಡೇ, "ಸರಿ ಮೇಡಂ, ಅಮಾವಾಸ್ಯೆ ಪ್ರತಿ ತಿಂಗಳು ಯಾವ ತಾರೀಖಿಗೆ?" ಎಂದು ಕೇಳಿದ. ಸಾವಕಾರರು ಅಲ್ಲೇ ಕುಳಿತಿದ್ದರು. ನಗು ಬಂದು, ನಗುತ್ತಾ ಕೆಮ್ಮು ಬಂದು, ನೀರು ಕೊಡಬೇಕಾಯಿತು.

"ಅದನ್ನ ಚಂದ್ರಗ ಕೇಳ್ಬೇಕು ತಮ್ಮಾ. ಅಂವ ನಮ್ಮ ಪೇರೋಲ್‌ನ್ಯಾಗ ಇಲ್ಲ," ಎಂದರು.

ಅಂದಿನಿಂದ ಪ್ರತಿ ವರ್ಷ ಯುಗಾದಿಗೆ ಪಂಚಾಂಗ ತಂದು ಅಮಾವಾಸ್ಯೆಗಳನ್ನು ಕೈಯಿಂದ ತುಂಬುವುದು ನನ್ನ ಪಾಲಿಗೆ ಬಂತು. ಮಗ್ಗಗಳು ಚಂದ್ರನ ಪ್ರಕಾರ, ಅಂಗಡಿಗಳ ಅಂದಾಜು ಮಾತ್ರ ಇಂಗ್ಲಿಷ್ ತಿಂಗಳ ಪ್ರಕಾರ. ಅದರಲ್ಲಿ ಏನು ಎಡವಟ್ಟು ಅಡಗಿದೆ ಎಂದು ಆಗ ಯಾರಿಗೂ ಹೊಳೆಯಲಿಲ್ಲ.

ಈಗ ಪದ್ಮಮ್ಮನ ಬಗ್ಗೆ ಹೇಳಬೇಕು. ಗದ್ವಾಲದಲ್ಲಿ ನಮ್ಮ ಮಗ್ಗಗಳಿರುವ ಓಣಿಯಲ್ಲಿ ಅವಳದು ಕೊನೆಯ ಮನೆ. ಹುಟ್ಟಿದ್ದು ಗಡಿಯ ಕನ್ನಡದ ಊರು ದಾಮರಗಿದ್ದದ ಕಡೆ, ಹಾಗಾಗಿ ನನ್ನ ಜೊತೆ ಕನ್ನಡದಲ್ಲೇ ಮಾತು. ಅವ್ವ ಅಪ್ಪ ಅವಳ ಮದುವೆಗೆ ಮೊದಲೇ ತೀರಿದ್ದರು, ಸೋದರಮಾವ ಕೈಹಿಡಿಸಿ ಕೊಟ್ಟು ಕಳಿಸಿದ್ದ. ಅವಳಿಂದಲೇ ಕನ್ನಡ ಕಲಿತ ಗಂಡ ನರಸಿಂಹಲು ನೇಯುತ್ತಿದ್ದ, ಅವಳೂ ನೇಯುತ್ತಿದ್ದಳು. ಒಬ್ಬರು ಕುಣಿಯಿಂದ ಎದ್ದರೆ ಇನ್ನೊಬ್ಬರು ಇಳಿಯುತ್ತಿದ್ದರು. ಕುಣಿ ಅಂದರೆ ಮಗ್ಗದ ಕೆಳಗೆ ಕಾಲು ಇಳಿಬಿಟ್ಟು ಕೂಡುವ ಗುಂಡಿ. ಅವಳು ನನಗಿಂತ ಬಹಳ ಚಿಕ್ಕವಳು. ನನ್ನನ್ನು ಮೇಡಮ್ಮಾ ಅನ್ನುತ್ತಿದ್ದಳು. ಮೇಡಂ ಅಂದರೆ ಬಿಗಿ ಆಯ್ತು, ಅಮ್ಮಾ ಅಂದರೆ ಸಲಿಗೆ ಆಯ್ತು ಅಂತ ಎರಡನ್ನೂ ಕೂಡಿಸಿಕೊಂಡಿರಬೇಕು.

ನಾನು ಅವಳ ಮನೆಗೆ ಮೊದಲ ಸಲ ಹೋದದ್ದೇ ಕೆಟ್ಟ ಸುದ್ದಿ ಹೊತ್ತುಕೊಂಡು. ರಾಯಚೂರಿನ ಒಂದು ಅಂಗಡಿಯಿಂದ ಒಂದು ಸೀರೆ ವಾಪಸ್ ಬಂದಿತ್ತು. ದಡಿಯ ಕೆಂಪು ಮೈಗೆ ಇಳಿದಿತ್ತು. ನಮ್ಮಲ್ಲಿ ವಾಪಸ್ ಬಂದ ಸೀರೆಯನ್ನು ನೇಯ್ದವರಿಗೆ ತೋರಿಸಿಯೇ ಮುಂದಿನ ಮಾತು. ಮಕ್ತಲ್‌ನಲ್ಲಿ ಬಸ್ಸು ಬದಲಿಸಿ, ಚೀಲ ತೊಡೆಯ ಮೇಲಿಟ್ಟುಕೊಂಡು ಗದ್ವಾಲಕ್ಕೆ ಹೋದೆ. ಪದ್ಮಮ್ಮ ಸೀರೆಯನ್ನು ಬಾಗಿಲ ಬೆಳಕಿಗೆ ಒಯ್ದು, ದಡಿ ಮೈಗೆ ಕೂಡುವ ಜಾಗದ ಮೇಲೆ ಬೆರಳಾಡಿಸುತ್ತಾ ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ನೇಯ್ಗೆಯಲ್ಲಿ ತಪ್ಪು ಇರಲಿಲ್ಲ, ಬಣ್ಣದ ಶೆಡ್ಡಿನ ತಪ್ಪು. ನಾನು ಅದನ್ನೇ ಹೇಳಿದೆ. ಅವಳಿಗೆ ಸಮಾಧಾನ ಆಗಲಿಲ್ಲ.

"ಯಾರ ತಪ್ಪಾದ್ರೇನ್ರಿ ಮೇಡಮ್ಮಾ, ವಾಪಸ್ ಬಂದ ಸೀರಿ ಮನ್ಯಾಗ ಇಡಬಾರ್ದು. ತಗೊಂಡ್ಹೋಗಿಬಿಡ್ರಿ," ಎಂದು ತಾನೇ ಮಡಚಿ ನನ್ನ ಚೀಲಕ್ಕೆ ಹಾಕಿದಳು.

ಆಮೇಲೆ ನಾನು ಯಾವ ಕೆಲಸಕ್ಕೆ ಹೋದರೂ, ಕೈಯಲ್ಲಿ ಚೀಲ ಕಂಡರೆ ಅವಳ ಮೊದಲ ಪ್ರಶ್ನೆ, "ವಾಪಸ್ ಬಂತೇನ್ರಿ?" ಒಮ್ಮೆ ಚೀಲದಲ್ಲಿ ಬರೀ ಬದನೆಕಾಯಿ ಇದ್ದವು. ತೆಗೆದು ತೋರಿಸಿದ ಮೇಲೆಯೇ ಕೂಡಲು ಚಾಪೆ ಹಾಕಿದಳು.

ಅವಳ ಮನೆಯಲ್ಲೇ ನಾನು ಇನ್ನೊಂದು ಸಂಗತಿ ಕಣ್ಣಾರೆ ನೋಡಿದ್ದು. ಸೀರೆ ಮುಗಿದು ಕತ್ತರಿಸುವಾಗ ಹಾಸಿನ ಕೊನೆಯ ಒಂದು ತುಂಡನ್ನು ಮಗ್ಗದಲ್ಲೇ ಬಿಡುತ್ತಾರೆ. ಹೊಸ ಹಾಸು ಬಂದಾಗ ಅದರ ಒಂದೊಂದು ಎಳೆಯನ್ನೂ ಈ ಹಳೆಯ ಎಳೆಗೆ, ಬೆರಳಿಗೆ ಬೂದಿ ಹಚ್ಚಿಕೊಂಡು, ಹೊಸೆದು ಜೋಡಿಸುತ್ತಾರೆ. ಹಳೆಯ ತುಂಡು ಇದ್ದರೆ ಮಗ್ಗ ಜೀವಂತ. ಅದನ್ನು ತೆಗೆದುಬಿಟ್ಟರೆ ಮೊದಲಿಂದ ಎಲ್ಲ ಎಳೆಗಳನ್ನೂ ಒಂದೊಂದಾಗಿ ಪೋಣಿಸಬೇಕು, ಆ ಗೋಜಿಗೆ ಮತ್ತೆ ಕೈ ಹಾಕುವವರು ಕಡಿಮೆ. ನಮ್ಮ ಸಾಫ್ಟ್‌ವೇರ್‌ನಲ್ಲಿ ಮಾತ್ರ ಈ ತುಂಡು 'ವೇಸ್ಟ್' ಎಂಬ ಕಾಲಮ್ಮಿನಲ್ಲಿ ಬರುತ್ತಿತ್ತು.

ಇನ್ನು ಆ ವರ್ಷದ ಕಥೆ. ನನ್ನ ನಿವೃತ್ತಿಗೆ ಇನ್ನು ಸ್ವಲ್ಪ ಕಾಲ ಇತ್ತು. ಅಂದಾಜು ಹಿಂದಿನ ವರ್ಷಗಳ ಮಾರಾಟದ ಮೇಲೆ ಬಂತು. ಶ್ರಾವಣದ ಸೀರೆ, ಅದರ ಹಿಂದೆಯೇ ಮದುವೆಯ ಸೀರೆ. ಸಾವಕಾರರು ಒಪ್ಪಿದರು, ನಾನು ಪ್ಲಾನ್ ಓಡಿಸಿದೆ, ನೂಲು ಬಂತು, ಬಣ್ಣ ಆಯಿತು, ಮೈಯ ಹಾಸುಗಳು ಸಿದ್ಧವಾಗಿ ಗೋದಾಮಿನಲ್ಲಿ ಸಾಲಾಗಿ ಕುಳಿತವು. ಅಷ್ಟರಲ್ಲಿ ಅಂಗಡಿಗಳಿಂದ ಒಂದಾದ ಮೇಲೊಂದು ಫೋನು. ಈಗ ಕಳಿಸಬೇಡಿ, ಮುಂದೆ ನೋಡೋಣ. ಆ ವರ್ಷ ಅಧಿಕ ಶ್ರಾವಣ ಬಂದಿತ್ತು. ಮೊದಲು ಅಧಿಕ ಮಾಸ, ಅದು ಕಳೆದ ಮೇಲೆ ನಿಜವಾದ ಶ್ರಾವಣ. ಅಧಿಕ ಮಾಸದಲ್ಲಿ ಮದುವೆ ಇಲ್ಲ, ಮುಂಜಿ ಇಲ್ಲ, ಗೃಹಪ್ರವೇಶ ಇಲ್ಲ. ರೇಷ್ಮೆ ದಡಿಯ ಸೀರೆ ಯಾರಿಗೆ ಬೇಕು?

ಇದು ಗೊತ್ತಿಲ್ಲದವರು ಯಾರೂ ಇರಲಿಲ್ಲ, ಅದೇ ತಮಾಷೆ. ಅಧಿಕ ಮಾಸ ಬಂತೆಂದು ಸಾವಕಾರರು ತಮ್ಮ ತಂಗಿಯ ಮಗಳ ಮದುವೆಯನ್ನೇ ಮುಂದಕ್ಕೆ ಹಾಕಿದ್ದರು. ಹಾಕಿದ ವಾರವೇ ಮದುವೆ ಸೀರೆಯ ಅಂದಾಜಿಗೆ ಒಪ್ಪಿಗೆಯನ್ನೂ ಕೊಟ್ಟಿದ್ದರು. ಮನೆಯಲ್ಲಿ ಗೊತ್ತಿದ್ದದ್ದು ಆಫೀಸಿಗೆ ಬರುವ ದಾರಿಯಲ್ಲಿ ಎಲ್ಲೋ ಬಿದ್ದು ಹೋಗಿತ್ತು. ನನ್ನದೂ ಅಷ್ಟೇ ಕಥೆ, ಆ ವರ್ಷದ ಪಂಚಾಂಗದಿಂದ ಅಮಾವಾಸ್ಯೆ ತುಂಬಿದವಳೇ ನಾನು. ಹೈದರಾಬಾದಿಗೆ ಫೋನ್ ಮಾಡಿ ಕಾರ್ತಿಕ್‌ಗೆ ಹೇಳಿದರೆ, "ತಿಂಗಳು ಎರಡು ಸಲ ಬರುತ್ತಾ ಮೇಡಂ? ಮೊದಲೇ ಹೇಳೋದಲ್ವಾ?" ಎಂದು ನೊಂದುಕೊಂಡ.

ಸಾವಕಾರರು ಅಂದಾಜನ್ನು ಕೆಳಗಿಳಿಸಲು ಹೇಳಿದರು. ಇಳಿಸಿ ಪ್ಲಾನ್ ಮತ್ತೆ ಓಡಿಸಿದೆ. ಗದ್ವಾಲದ ಮಗ್ಗಗಳ ಎದುರು ಒಂದೇ ಮಾತು, ಕೆಂಪಕ್ಷರದಲ್ಲಿ, ಕೆಳಗಿನವರೆಗೆ: ರದ್ದು ಮಾಡಿ.

ಸಾಫ್ಟ್‌ವೇರ್‌ಗೆ ರದ್ದು ಅನ್ನುವುದು ಸಲೀಸು. ಮಗ್ಗದವರಿಗೆ ಅದನ್ನು ಹೋಗಿ ಹೇಳಬೇಕಲ್ಲ. ಗದ್ವಾಲಕ್ಕೆ ಹೋದೆ. ಪದ್ಮಮ್ಮನ ಮನೆಯಲ್ಲಿ ಕೊನೆಯ ಸೀರೆ ಕತ್ತರಿಸಿ ಆಗಿತ್ತು. ಮಗ್ಗದಲ್ಲಿ ಹಳೆಯ ತುಂಡು ಮಾತ್ರ ಉಳಿದಿತ್ತು. ನಾನು ಬಾಯಿ ಬಿಡುವ ಮೊದಲೇ ಅವಳಿಗೆ ವಿಷಯ ಗೊತ್ತಾಗಿತ್ತು.

"ಇವರು ಮೇಸ್ತ್ರಿಗೆ ಮಾತು ಕೊಟ್ಟಾರ್ರಿ. ಅಮಾಸಿ ಆದ ಮರುದಿನ ಹೈದರಾಬಾದ್‌ಗೆ. ಕಟ್ಟಡದ ಕೆಲಸ, ಇಬ್ಬರೂ ಬರ್ಬೇಕಂತ," ಎಂದಳು.

ನರಸಿಂಹಲು ಗೋಡೆಗೆ ಒರಗಿ ಕುಳಿತಿದ್ದ. "ಕೈ ಕಟ್ಕೊಂಡು ಹೆಂಗ ಕುಂದ್ರೂದ್ರಿ ಮೇಡಂ? ಹಾಸು ಬಂದ್ರ ಇರ್ತೀವಿ, ಇಲ್ಲಂದ್ರ ಇಲ್ಲ," ಎಂದ. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಪದ್ಮಮ್ಮ ನನ್ನನ್ನು ಬಾಗಿಲವರೆಗೆ ಕಳಿಸಲು ಬಂದಳು. "ಹಿಂದ ಒಂದು ಸಲ ಹೋಗಿದ್ವಿರಿ. ತಿರುಗಿ ಬಂದ್ರ ಕುಣಿಯಾಗ ನೀರು ನಿಂತು, ಹಗ್ಗ ಎಲ್ಲಾ ಇಲಿ ಕಡ್ದು, ಹಳೀ ಎಳಿ ಪುಡಿಪುಡಿ. ಮತ್ತ ಮಗ್ಗ ಹೂಡೋದ್ರಾಗ ನನ್ನ ಜೀವಾನ ಹೋತು. ಈ ಸಲ ಹೋದ್ರ ಇವರು ಮತ್ತ ಹೂಡಂಗಿಲ್ರಿ. ನನಗ ಇಟ್ಟಿಗಿ ಹೊರಾಕ ಮನಸಿಲ್ಲ ಮೇಡಮ್ಮಾ. ನನಗ ಇದ ಬೇಕು," ಎಂದು ಮಗ್ಗದ ಕಡೆ ನೋಡಿದಳು.

ಅವಳು ಅಳಲಿಲ್ಲ. ಅತ್ತದ್ದು ನಾನು, ಅದೂ ಮಕ್ತಲ್ ಬಸ್ಸಿನಲ್ಲಿ, ಕಿಟಕಿಯ ಕಡೆ ಮುಖ ಮಾಡಿಕೊಂಡು. ಸ್ಕ್ರೀನಿನ ಮೇಲಿನ ಕೆಂಪಕ್ಷರ ಯಾರ ಮನೆಯ ಬಾಗಿಲಿಗೆ ಬೀಗ ಹಾಕಿಸುತ್ತದೆ ಎಂದು ಅದುವರೆಗೆ ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

ಆ ದಿನ ನಾರಾಯಣಪೇಟೆಗೆ ಹೋಗದೆ ಮಕ್ತಲ್‌ನಲ್ಲೇ ಇಳಿದೆ. ಬರುವ ಅಮಾವಾಸ್ಯೆ ಕಳೆದರೆ ಅಧಿಕ ಮಾಸ, ಉಡಿ ತುಂಬುವ ದಿನ ಗೊತ್ತು ಮಾಡಲು ಅವ್ವ ಕರೆದಿದ್ದಳು. ರಾಯಚೂರು ಕಡೆಯ ಎಷ್ಟೋ ಮನೆಗಳಲ್ಲಿ ಅಧಿಕ ಮಾಸದಲ್ಲಿ ಮಗಳು ಅಳಿಯನನ್ನು ಕರೆದು, ಊಟ ಹಾಕಿ, ಮಗಳ ಸೆರಗಿಗೆ ಅಕ್ಕಿ, ಕೊಬ್ಬರಿ ಹಾಕಿ ಉಡಿ ತುಂಬಿ ಸೀರೆ ಕೊಡುವ ಪದ್ಧತಿ ಇದೆ. ಗದ್ವಾಲದ ಕಡೆ ನಮ್ಮ ನೇಕಾರರ ಮನೆಗಳಲ್ಲಿ ಇದು ಇಲ್ಲ. ನಾನು ಮನೆಯೊಳಗೆ ಕಾಲಿಟ್ಟಾಗ ಅವ್ವ ಬಜಾರಿನಿಂದ ಆಗಷ್ಟೇ ಬಂದು ಸಿಟ್ಟಿನಲ್ಲಿ ಕುಳಿತಿದ್ದಳು.

"ಏನ್ ಸೀರಿ ಮಾಡ್ತೀರಿ ನೀವು ಕಂಪನ್ಯಾಗ? ಮಕ್ತಲ್ ಬಜಾರ ತುಂಬ ತಿರುಗಿದೆ. ಎಲ್ಲಿ ನೋಡಿದ್ರೂ ರೇಷ್ಮಿ ದಡಿ. ಅಧಿಕ ಮಾಸಕ್ಕ ಮಗಳಿಗೆ ಕೊಡೂದು ದಿನಾ ಉಡೂವಂಥಾದ್ದು ಇರಬೇಕು, ಹಗೂರ ಇರಬೇಕು, ದಡಿ ಮಾತ್ರ ಕಾಣಬೇಕು. ಅಂಥಾದ್ದು ಒಂದೂ ಇಲ್ಲ. ನನ್ನಂಗ ಎಷ್ಟ ಮಂದಿ ಬರೀಗೈಲೆ ತಿರುಗಿ ಹೋದ್ರು ಗೊತ್ತೈತೇನು?"

ನಾನು ಚಪ್ಪಲಿಯನ್ನೂ ಬಿಟ್ಟಿರಲಿಲ್ಲ. "ಎಷ್ಟು ಮಂದಿ ಅವ್ವ?" ಎಂದೆ.

"ನಾ ಎಣಿಸಾಕ ಹೋಗಿದ್ನೇನು? ಅದು ನಿನ್ನ ಕೆಲಸ," ಎಂದಳು.

ಮರುದಿನ ಬೆಳಿಗ್ಗೆ ಬಜಾರಿನ ಅಂಗಡಿಗಳನ್ನು ನಾನೇ ಸುತ್ತಿದೆ. ಅಲ್ಲಿಂದಲೇ ರಾಯಚೂರಿನ ನಮ್ಮ ಅಂಗಡಿಗಳಿಗೂ ಫೋನ್ ಮಾಡಿದೆ. ಅವ್ವ ಹೇಳಿದ್ದು ಸುಳ್ಳಲ್ಲ. ರೇಷ್ಮೆ ದಡಿ ಬೇಡ ಎಂದವರೇ ಪೂರ್ತಿ ನೂಲಿನ ಸೀರೆ ಇದ್ದರೆ ಈಗಲೇ ಕಳಿಸಿ ಅಂದರು. ನಾರಾಯಣಪೇಟೆಯ ನಮ್ಮ ಮಗ್ಗಗಳು ತಮ್ಮ ನೂಲಿನ ಚೌಕಡಿ ಸೀರೆಯಲ್ಲೇ ತುಂಬಿ ತುಳುಕುತ್ತಿದ್ದವು. ಖಾಲಿ ಇದ್ದದ್ದು ಗದ್ವಾಲದ ಮಗ್ಗಗಳು. ಆಫೀಸಿಗೆ ಹೋಗಿ ಸ್ಕ್ರೀನ್ ತೆರೆದೆ. ಗದ್ವಾಲ ಸೀರೆ ರದ್ದು. ಆದರೆ ಮೈಯ ಹಾಸು ಬೇರೆ ಹೆಸರಿನಲ್ಲಿ ದಾಸ್ತಾನಿನಲ್ಲಿ ಸುಮ್ಮನೆ ಕುಳಿತಿತ್ತು. ಅದು ಹತ್ತಿ ನೂಲಿನದೇ, ಬಣ್ಣ ಆದದ್ದೇ. ರೇಷ್ಮೆ ದಡಿಯ ಜಾಗಕ್ಕೆ ನಯವಾದ ನೂಲಿನ ದಡಿ ಒಂದನ್ನು ಹಾಕಿದರೆ, ಸೆರಗನ್ನು ಅದೇ ಮೈಯ ಮೇಲೆ ಬಣ್ಣದ ನೂಲಿನಿಂದ ನೇಯ್ದರೆ, ಹೊಸ ಸೀರೆ. ಬೇಕಾದದ್ದು ದಡಿಯ ಹಾಸು ಮಾತ್ರ. ನಾನು ಹುಚ್ಚು ಎಂದಿದ್ದ ಕಾರ್ತಿಕ್‌ನ ತುಂಡುಗಳು ನನ್ನ ಎದುರಿಗೇ ಇದ್ದವು. ಹಳೆಯ ಹಾಗೆ ಮೂರನ್ನೂ ಒಂದೇ ಗಂಟು ಎಂದು ತುಂಬಿದ್ದರೆ, ಸೀರೆಯ ಜೊತೆ ಮೈಯ ಹಾಸೂ ರದ್ದಾಗಿ ಕಣ್ಣಿಗೇ ಬೀಳುತ್ತಿರಲಿಲ್ಲ. ಅವನಿಗೆ ಫೋನ್ ಮಾಡಿ ಹೇಳಿದೆ. "ಚಹಾ ಬಾಕಿ ಇದೆ ಮೇಡಂ," ಎಂದ.

ಸಾವಕಾರರನ್ನು ಒಪ್ಪಿಸುವುದು ಇದಕ್ಕಿಂತ ಕಷ್ಟವಾಯಿತು. ಕೈ ಸುಟ್ಟುಕೊಂಡಿದ್ದರು, ಹೊಸ ಅಂದಾಜು ಅಂದರೇ ಉರಿದು ಬೀಳುತ್ತಿದ್ದರು.

"ಯಾರು ಹೇಳಿದ್ರು ನಿನಗ ಈ ಅಂದಾಜು? ಕಂಪ್ಯೂಟರೇನು?"

"ಅಲ್ರಿ. ನಮ್ಮವ್ವ."

ಅವರು ಹಣೆ ಬಡಿದುಕೊಂಡರು. "ನಮ್ಮ ಮನ್ಯಾಗೂ ನಿನ್ನೆ ಇದ ರಗಳಿ ನಡೆದಿತ್ತು. ಮಗಳಿಗೆ ಕೊಡಾಕ ಸೀರಿ ಇಲ್ಲಂತ. ಸೀರಿ ಸಾವಕಾರನ ಹೆಣತಿ ಬಜಾರಿಗೆ ಹೋಗಿ ಬರೀಗೈಲೆ ಬಂದಾಳ. ಮಾಡಿಬಿಡು," ಎಂದರು. ಆ ಮಧ್ಯಾಹ್ನ ನನ್ನ ಮೇಜಿಗೆ ಪುಂಡಿಪಲ್ಯ ಬಂತು.

ನೂಲಿನ ದಡಿಯ ಮೊದಲ ಹಾಸನ್ನು ನಾನೇ ಹೊತ್ತುಕೊಂಡು ಗದ್ವಾಲಕ್ಕೆ ಹೋದೆ. ಅಮಾವಾಸ್ಯೆ ಹತ್ತಿರ ಬಂದಿತ್ತು. ಪದ್ಮಮ್ಮನ ಮನೆಯಲ್ಲಿ ಪಾತ್ರೆಗಳನ್ನು ಚೀಲಕ್ಕೆ ಕಟ್ಟಿ ಬಾಗಿಲ ಪಕ್ಕ ಇಟ್ಟಿದ್ದರು. ನರಸಿಂಹಲು ದಡಿಯ ನೂಲನ್ನು ಬೆರಳಲ್ಲಿ ಹಿಡಿದು ನೋಡಿದ, ಅವನ ಮುಖ ಗಂಟಾಯಿತು.

"ಇದು ನೂಲು. ಗದ್ವಾಲ ಮಗ್ಗದ ಮ್ಯಾಲೆ ನಾರಾಯಣಪೇಟಿ ಸೀರಿ ನೇಯಿಸ್ತೀರೇನ್ರಿ? ಓಣ್ಯಾಗ ನಗ್ತಾರ."

"ದಡೀನ ಮೈಗೆ ಬ್ಯಾರೆ ಲಾಳಿ ಹಾಕಿ ಕೂಡ್ಸೂದು ನೀನೇ ಅಲ್ಲೇನಪ್ಪ? ಅದು ಗದ್ವಾಲ ಕೈ. ಅದನ್ನ ನಾರಾಯಣಪೇಟ್ಯಾಗ ಯಾರು ಮಾಡ್ತಾರ ಹೇಳು ನೋಡೂಣು," ಎಂದೆ. ನಾರಾಯಣಪೇಟೆಯ ನೇಕಾರರು ಕೇಳಿದ್ದರೆ ನನ್ನನ್ನು ಊರಿನೊಳಗೆ ಬಿಡುತ್ತಿರಲಿಲ್ಲ. ಆದರೆ ಅವನ ಗಂಟು ಸ್ವಲ್ಪ ಸಡಿಲಾಯಿತು.

"ರೇಷ್ಮಿ ಎಳಿಗೆ ನೂಲಿನ ಎಳಿ ನಿಲ್ಲಂಗಿಲ್ರಿ. ಜಾರ್ತೈತಿ," ಎಂದ, ಸೋಲುವ ಮೊದಲು ಕೊನೆಯ ಮಾತಿನಂತೆ.

ಅದು ಮಾತ್ರ ನಿಜವಾದ ಅಡ್ಡಿ. ಮಗ್ಗದಲ್ಲಿ ಉಳಿದಿದ್ದ ದಡಿಯ ಹಳೆಯ ತುಂಡು ರೇಷ್ಮೆಯದು. ನನ್ನ ಸಾಫ್ಟ್‌ವೇರ್‌ನಲ್ಲಿ ಅದಕ್ಕೆ ಉತ್ತರ ಇರಲಿಲ್ಲ, ನನ್ನಲ್ಲೂ ಇರಲಿಲ್ಲ. ಪದ್ಮಮ್ಮ ಬಾಗಿಲ ಪಕ್ಕದ ಚೀಲ ಬಿಚ್ಚಿ ಒಂದು ಬಟ್ಟಲು ತೆಗೆದಳು, ಒಲೆಯ ಮೇಲಿನ ಗಂಜಿಯನ್ನು ಅದಕ್ಕೆ ಬಗ್ಗಿಸಿಕೊಂಡು ಮಗ್ಗದ ಹತ್ತಿರ ಕುಳಿತಳು. ಬೂದಿಯ ಜೊತೆ ಗಂಜಿ ಹಚ್ಚಿ ಮೊದಲ ಎಳೆ ಹೊಸೆದಳು. ಜಾರಿತು. ಮತ್ತೆ ಹೊಸೆದಳು. ಜಾರಿತು. ಮೂರನೆಯದಕ್ಕೆ ಎರಡೂ ಎಳೆಯನ್ನು ಮೊದಲು ಹಲ್ಲಿನಲ್ಲಿ ಸ್ವಲ್ಪ ಜಗಿದು, ಆಮೇಲೆ ಗಂಜಿ ಹಚ್ಚಿ ಹೊಸೆದಳು. ಎಳೆದು ನೋಡಿದಳು. ನಿಂತಿತು.

ನಾನು ಅಲ್ಲೇ ಚಾಪೆಯ ಮೇಲೆ ಕುಳಿತಿದ್ದೆ, ಹೋಗಬೇಕಾದ ಬಸ್ಸು ಹೋಯಿತು. ಎದ್ದು ಹೋಗಲು ಮನಸ್ಸಾಗಲಿಲ್ಲ. ದಡಿಯ ಒಂದು ಬದಿ ಮುಗಿಯುವ ಹೊತ್ತಿಗೆ ನರಸಿಂಹಲು ಎದ್ದು ಹೊರಗೆ ಹೋದ. ತಿರುಗಿ ಬಂದವನು, "ಮೇಸ್ತ್ರಿಗೆ ಇಲ್ಲಂತ ಹೇಳಿ ಬಂದೆ," ಎಂದು ಚೀಲದಿಂದ ಪಾತ್ರೆಗಳನ್ನು ತೆಗೆದು ಗೋಡೆಯ ಗೂಡಿನಲ್ಲಿ ಇಡತೊಡಗಿದ. ಪದ್ಮಮ್ಮ ತಲೆ ಎತ್ತದೆ, "ಆ ದೊಡ್ಡ ತಾಟು ಕೆಳಗಿಡ್ರಿ, ಮೇಡಮ್ಮಗ ಊಟಕ್ಕ ಬೇಕು," ಎಂದಳು.

ಆ ಓಣಿಯ ಉಳಿದ ಮಗ್ಗಗಳಿಗೂ ಹೀಗೆಯೇ ಹಾಸು ಹೋಯಿತು. ಸೀರೆ ಅಧಿಕ ಮಾಸ ಮುಗಿಯುವ ಮೊದಲೇ ಮಕ್ತಲ್, ರಾಯಚೂರು ಮುಟ್ಟಿತು. ಅದು ಮುಗಿದು ನಿಜ ಶ್ರಾವಣ ಬಂದ ಮೇಲೆ ರೇಷ್ಮೆ ದಡಿಯವೂ ತಮ್ಮ ದಾರಿ ಹಿಡಿದವು. ಮೊದಲ ಸೀರೆಗಳಲ್ಲಿ ಒಂದನ್ನು ಅವ್ವ ತನ್ನ ದುಡ್ಡಿನಿಂದಲೇ ಕೊಂಡು ನನಗೆ ಕೊಟ್ಟಳು. ಕಂಪನಿಯಿಂದ ನಾನೇ ತಂದುಕೊಡುತ್ತೇನೆ ಎಂದರೆ ಕೇಳಲಿಲ್ಲ.

"ತವರಿನ ಸೀರಿ ತವರಿನೋರ ಕೊಡಬೇಕು," ಎಂದಳು. ಅವ್ವ ಕೊಟ್ಟ ಕೊನೆಯ ಅಧಿಕ ಮಾಸದ ಸೀರೆ ಅದು. ಇನ್ನೊಂದು ಅಧಿಕ ಮಾಸಕ್ಕೆ ಅವಳು ಇರಲಿಲ್ಲ.

ಸಾಫ್ಟ್‌ವೇರ್‌ನಲ್ಲಿ ಅಂದಾಜನ್ನು ಆಮೇಲೆ ಚಾಂದ್ರಮಾನದ ತಿಂಗಳಿಗೆ ಬದಲಾಯಿಸಿದೆವು. ಕಾರ್ತಿಕ್ ಬಂದು ವಾರಗಟ್ಟಲೆ ಕುಳಿತ, ಬಾಕಿ ಇದ್ದ ಚಹಾ ಎಲ್ಲ ಕುಡಿದ. ಅಧಿಕ ಮಾಸ ಬಂದಾಗ ನೂಲಿನ ದಡಿ ತಾನಾಗಿ ಪ್ಲಾನಿಗೆ ಬರುವ ಹಾಗೆ ಮಾಡಿಕೊಟ್ಟ. ಮಗ್ಗದಲ್ಲಿ ಬಿಡುವ ತುಂಡನ್ನು 'ವೇಸ್ಟ್' ಕಾಲಮ್ಮಿನಿಂದ ತೆಗೆಸಿದೆ. ಹೊಸ ಹುಡುಗರಿಗೆ ಇದರಿಂದ ಏನಾದರೂ ಉಪಯೋಗ ಆದರೆ ಆಗಲಿ. ನಿಮಗೆ ಬೇರೆ ಊರು, ಬೇರೆ ಸಾಮಾನು, ಬೇರೆ ಎಡವಟ್ಟುಗಳು ಸಿಗುತ್ತವೆ. ಕೆಂಪಕ್ಷರ ಬಂದಾಗ ಒಮ್ಮೆ ಆ ಊರಿನ ಬಸ್ಸು ಹತ್ತಿ, ಅಷ್ಟೇ ನನ್ನ ಮಾತು.

ನಾನು ನಿವೃತ್ತಳಾಗಿ ಮಕ್ತಲ್‌ಗೆ ಬಂದು ನೆಲೆಸಿದೆ. ನನಗೆ ಇಬ್ಬರೂ ಗಂಡುಮಕ್ಕಳು, ಉಡಿ ತುಂಬಲು ಮಗಳಿಲ್ಲ. ಮತ್ತೆ ಅಧಿಕ ಮಾಸ ಬಂತು. ಅದಕ್ಕೂ ಮೊದಲೇ ನನಗೆ ಒಂದೇ ಚಿಂತೆ. ನನ್ನ ಜಾಗಕ್ಕೆ ಬಂದ ಹುಡುಗಿ ನೆನಪಿಟ್ಟಿದ್ದಾಳೋ ಇಲ್ಲವೋ, ಗದ್ವಾಲದ ಮಗ್ಗಗಳಿಗೆ ಹಾಸು ಹೋಗಿದೆಯೋ ಇಲ್ಲವೋ. ಫೋನ್ ಮಾಡಿದರೆ ಮುದುಕಿಗೆ ಬೇರೆ ಕೆಲಸ ಇಲ್ಲ ಅಂದಾರು ಎಂದು ಸುಮ್ಮನಿದ್ದೆ. ಒಂದು ದಿನ ತಡೆಯಲಾರದೆ ಬಜಾರಿಗೆ ಹೋದೆ. ಅಂಗಡಿಯ ಮುಂದೆಯೇ ನೂಲಿನ ದಡಿಯ ಸೀರೆಗಳ ರಾಶಿ.

"ಅಧಿಕದ ಸೀರಿ ಬಂದಾವ ಬರ್ರಿ ಅಮ್ಮಾರ. ಗದ್ವಾಲದ್ವು. ಮಗಳಿಗೇನ್ರಿ?" ಎಂದು ಅಂಗಡಿಯ ಹುಡುಗ ಕೇಳಿದ. ಅವನಿಗೆ ನಾನು ಯಾರೆಂದು ಗೊತ್ತಿರಲಿಲ್ಲ. ಹೌದು ಎಂದು ತಲೆ ಆಡಿಸಿದೆ. ರಾಶಿಯನ್ನೆಲ್ಲ ಕೆದಕಿ, ದಡಿ ಕೂಡುವ ಜಾಗದ ಮೇಲೆ ಬೆರಳಾಡಿಸಿ, ಒಂದನ್ನು ಆರಿಸಿಕೊಂಡೆ.

ಮರುದಿನ ಅಕ್ಕಿ, ಕೊಬ್ಬರಿ, ಅರಿಶಿನ ಕುಂಕುಮ, ಬಳೆ, ಆ ಸೀರೆ ಎಲ್ಲ ಚೀಲಕ್ಕೆ ಹಾಕಿಕೊಂಡು ಗದ್ವಾಲದ ಬಸ್ಸು ಹತ್ತಿದೆ. ಓಣಿಯ ತುದಿಯಿಂದಲೇ ಮಗ್ಗದ ಸದ್ದು ಕೇಳುತ್ತಿತ್ತು. ನರಸಿಂಹಲು ಕುಣಿಯಲ್ಲಿ ಕುಳಿತು ನೇಯುತ್ತಿದ್ದ. ಪದ್ಮಮ್ಮ ನನ್ನ ಮುಖ ನೋಡಿ ನಕ್ಕಳು, ಕೈಯಲ್ಲಿನ ಚೀಲ ನೋಡಿದಳು, ಚೀಲದ ಬಾಯಿಂದ ಇಣುಕುತ್ತಿದ್ದ ಸೀರೆ ನೋಡಿದಳು. ನಗು ಹೋಯಿತು.

"ವಾಪಸ್ ಬಂತೇನ್ರಿ ಮೇಡಮ್ಮಾ? ನೌಕರಿ ಬಿಟ್ಟ ಮ್ಯಾಲೂ ನಿಮ್ಮ ಕೈಲೇ ಕಳಿಸ್ಯಾರ?"

ನಾನು ಹೇಳುವಷ್ಟರಲ್ಲಿ ಸೀರೆಯನ್ನು ಎಳೆದುಕೊಂಡು ಬಾಗಿಲ ಬೆಳಕಿಗೆ ಒಯ್ದಿದ್ದಳು. ದಡಿಯ ಮೇಲೆ ಬೆರಳಾಡಿಸುತ್ತಾ ಈ ತುದಿಯಿಂದ ಆ ತುದಿಗೆ ಹೋದಳು. ತಿರುವಿ ಹಾಕಿ ಹಿಂಬದಿಯನ್ನೂ ನೋಡಿದಳು.

"ನಮ್ಮ ಮನೀದ ಇದು. ಏನೂ ತಪ್ಪಿಲ್ಲಲ್ರಿ ಇದ್ರಾಗ," ಎಂದಳು.

"ತಪ್ಪಿಲ್ಲವ್ವ. ಅಧಿಕ ಮಾಸ ಐತಿ. ನಿನಗ ಉಡಿ ತುಂಬಾಕ ಬಂದೀನಿ. ಸೆರಗು ಒಡ್ಡು."

ಅವಳು ಸೀರೆ ಹಿಡಿದುಕೊಂಡೇ ನಿಂತಳು, ನನ್ನನ್ನು ನೋಡಿದಳು, ಅಕ್ಕಿಯ ಪೊಟ್ಟಣ ನೋಡಿದಳು. ಆಮೇಲೆ ಕಣ್ಣೊರೆಸಿಕೊಂಡು ಒಳಗೆ ತಿರುಗಿ ಗಂಡನನ್ನು ಕೂಗಿದಳು.

"ಮಗ್ಗ ನಿಲ್ಲಸ್ರಿ. ನನ್ನ ತವರಿನೋರು ಬಂದಾರ."

ಮಗ್ಗ ನಿಂತಿತು. ನನ್ನ ಇಡೀ ನೌಕರಿಯನ್ನೂ ಸೇರಿಸಿ, ಮಗ್ಗ ನಿಂತದ್ದಕ್ಕೆ ನನಗೆ ಸಂತೋಷವಾದದ್ದು ಅದೊಂದೇ ಸಲ.